ದೀರ್ಘಕಾಲಿಕ ಕಾಯಿಲೆ ಮತ್ತು ಅಂಗವಿಕಲರ ಸೌಲಭ್ಯ

ವರ್ಷಗಟ್ಟಲೆ ಕಾಡುವ ಕಾಯಿಲೆಯಿಂದ ದುಡಿಯುವ, ಓಡಾಡುವ ಶಕ್ತಿ ಕುಂದಿದವರು ಅಂಗವಿಕಲತೆಯ ಪ್ರಮಾಣಪತ್ರ ಪಡೆದು, ಅದರ ಬಲದಿಂದ ಪಿಂಚಣಿ, ಮೀಸಲಾತಿ, ರಿಯಾಯಿತಿಗಳಿಗೆ ಅರ್ಜಿ ಹಾಕುವ ವ್ಯವಸ್ಥೆ. ಭಾರತದಲ್ಲಿ ಇದಕ್ಕೆ ಆಧಾರ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಕರ್ನಾಟಕ ಸರ್ಕಾರದ ಕಾಗದಪತ್ರಗಳಲ್ಲಿ ‘ವಿಕಲಚೇತನ’ ಎಂದಿರುತ್ತದೆ, ಜನರ ಬಾಯಲ್ಲಿ ‘ಅಂಗವಿಕಲ’ ಉಳಿದಿದೆ. ಎರಡೂ ಪದಗಳು ಈ ಬಗೆಯ ರೋಗಿಗೆ ಸರಿಯಾಗಿ ಹೊಂದುವುದಿಲ್ಲ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಂಡು ಬದುಕುವ ಥಲಸ್ಸೀಮಿಯಾದ ಹುಡುಗನ ಕೈಕಾಲು ನೆಟ್ಟಗೇ ಇರುತ್ತವೆ. ‘ನಿನಗೆಂಥದ್ದಪ್ಪ ಸರ್ಟಿಫಿಕೇಟು?’ ಎಂಬ ಪ್ರಶ್ನೆ ಅವನಿಗೆ ಆಸ್ಪತ್ರೆಯ ಬಾಗಿಲಿಗಿಂತ ಮೊದಲು ಬಸ್ಸಿನಲ್ಲೇ ಎದುರಾಗುತ್ತದೆ.

1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆ: ಕುರುಡು, ಮಂದದೃಷ್ಟಿ, ಗುಣವಾದ ಕುಷ್ಠ, ಕಿವುಡು, ಚಲನೆಯ ಊನ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರಿನಲ್ಲಿ ಒಪ್ಪಿಕೊಂಡ ಮೇಲೆ ಕಾನೂನನ್ನು ಹೊಸದಾಗಿ ಬರೆಯಬೇಕಾಯಿತು. 2016ರ ಕಾಯ್ದೆ ಬಗೆಗಳನ್ನು 21ಕ್ಕೆ ಏರಿಸಿತು. ದೀರ್ಘಕಾಲಿಕ ನರರೋಗಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್, ರಕ್ತದ ಕಾಯಿಲೆಗಳಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಮೊದಲ ಬಾರಿಗೆ ಹೆಸರು ಹಿಡಿದು ಒಳಗೆ ಬಂದವು.

ಒಳಗೆ ಬಂದವುಗಳ ಜೊತೆಗೇ ಹೊರಗುಳಿದವನ್ನೂ ಹೇಳಬೇಕು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಮೂತ್ರಪಿಂಡದ ರೋಗಿ, ಹೃದಯ ಸೋತವರು, ಸಕ್ಕರೆ ಕಾಯಿಲೆಯವರು, ಕ್ಯಾನ್ಸರ್ ಇರುವವರು ಆ ಕಾಯಿಲೆಯ ಹೆಸರಿನಲ್ಲೇ ಅರ್ಜಿ ಹಾಕುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದರೆ ಚಲನೆಯ ಊನ, ಕಣ್ಣು ಹೋದರೆ ದೃಷ್ಟಿಯ ಊನ ಎಂದು ಲೆಕ್ಕ. ಸಂಧಿವಾತದಲ್ಲೂ ಹಾಗೆಯೇ: ಬೆರಳು ಸೊಟ್ಟಗಾಗಿ ಕೀಲು ಬಿಗಿದ ಮೇಲೆ ಅಳತೆಗೆ ಸಿಗುತ್ತದೆ, ಅದಕ್ಕೆ ಮುಂಚಿನ ಹತ್ತು ವರ್ಷದ ನೋವು ಸಿಗುವುದಿಲ್ಲ. ರೈಲ್ವೆ ಇಲಾಖೆಯ ರಿಯಾಯಿತಿ ಪಟ್ಟಿ ಬೇರೆ. ಚಿಕಿತ್ಸೆಗೆ ಹೋಗುವ ಡಯಾಲಿಸಿಸ್ ರೋಗಿಗೆ, ಕ್ಯಾನ್ಸರ್ ರೋಗಿಗೆ ಅದರಲ್ಲಿ ಜಾಗವಿದೆ. ಒಂದೇ ಸರ್ಕಾರದ ಎರಡು ಪಟ್ಟಿಗಳು ಒಬ್ಬನೇ ಮನುಷ್ಯನನ್ನು ಎರಡು ರೀತಿಯಲ್ಲಿ ಕಾಣುತ್ತವೆ.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೌಲಭ್ಯ ಬಂತೆಂದಲ್ಲ. ನಿರ್ಣಾಯಕವಾದದ್ದು ಜನ ‘ಪರ್ಸೆಂಟೇಜು’ ಎನ್ನುವ ಅಂಕಿ. ಶೇ 40 ಮತ್ತು ಅದಕ್ಕೆ ಮೇಲಿದ್ದರೆ ಕಾಯ್ದೆಯ ಮುಖ್ಯ ಸೌಲಭ್ಯಗಳು ತೆರೆಯುತ್ತವೆ, 39ಕ್ಕೆ ಪಿಂಚಣಿಯಿಲ್ಲ. ಅಳೆಯುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಪ್ರಕಟಿಸಿತು, 2024ರ ಮಾರ್ಚಿನಲ್ಲಿ ಪರಿಷ್ಕರಿಸಿತು. ಇಲ್ಲಿಯ ಗಣಿತ ಶಾಲೆಯ ಕೂಡುವ ಲೆಕ್ಕವಲ್ಲ. ಒಂದು ಊನ ಶೇ 30, ಇನ್ನೊಂದು ಶೇ 20 ಎಂದಾದರೆ ಒಟ್ಟು 50 ಆಗುವುದಿಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ಹಾಗೆ ಮಾಡಿದರೆ ಸುಮಾರು 43 ಬರುತ್ತದೆ. ಮಾನಸಿಕ ಕಾಯಿಲೆಗೆ ‘ಐಡಿಯಾಸ್’ ಎಂಬ ಭಾರತೀಯ ಮಾಪಕವಿದೆ. ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಅಂಶಗಳಿಗೆ ಅದು ಅಂಕ ಕೊಡುತ್ತದೆ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ ಅಂಕವಿದೆ. ನನ್ನ ದೃಷ್ಟಿಯಲ್ಲಿ ದೀರ್ಘ ಕಾಯಿಲೆಗೆ ಹೆಚ್ಚು ನ್ಯಾಯ ಮಾಡುವುದು ಈ ಮಾಪಕವೇ, ಏಕೆಂದರೆ ಕಾಲವನ್ನೂ ಅದು ಎಣಿಸುತ್ತದೆ.

ಉಳಿದ ಅಳತೆಗಳ ತೊಡಕೆಲ್ಲ ಇರುವುದು ಅಲ್ಲೇ. ಮುರಿದು ಕೂಡಿದ ಕಾಲು ಸೋಮವಾರ ಇದ್ದಂತೆಯೇ ಶುಕ್ರವಾರವೂ ಇರುತ್ತದೆ. ಪಾರ್ಕಿನ್ಸನ್ ಹಾಗಲ್ಲ. ಬೆಳಿಗ್ಗೆ ಎಂಟಕ್ಕೆ ಲೆವೊಡೋಪ ಮಾತ್ರೆ ನುಂಗಿ ಹತ್ತು ಗಂಟೆಗೆ ವೈದ್ಯರ ಎದುರು ಕುಳಿತವರು ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಂಡಾರು. ಸರದಿ ಹನ್ನೆರಡೂವರೆಗೆ ಬಂದರೆ ಮಾತ್ರೆಯ ಬಲ ಇಳಿದಿರುತ್ತದೆ, ಕುರ್ಚಿಯಿಂದ ಏಳಲು ಮಗನ ತೋಳು ಹಿಡಿಯಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ ಸೆಖೆಯಲ್ಲಿ ಲಕ್ಷಣಗಳು ಉಲ್ಬಣಿಸುತ್ತವೆ. ತಪಾಸಣೆಗೆಂದು ಬಿಸಿಲಲ್ಲಿ ಸಾಲು ನಿಂತದ್ದೇ ಕಾಲು ಕುಸಿಯಲು ಸಾಕು. ಹಿಮೋಫಿಲಿಯಾದಲ್ಲಿ ಮೊಣಕಾಲೊಳಗೆ ರಕ್ತ ಒಸರಿ ತೆಂಗಿನಕಾಯಿಯಂತೆ ಊದಿಕೊಂಡದ್ದು, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಚುಚ್ಚುಮದ್ದು ಬಿದ್ದು ವಾರ ಕಳೆದರೆ ಇಳಿದಿರುತ್ತದೆ. ತಪಾಸಣೆಯ ದಿನ ಊತ ಇಲ್ಲದಿರಬಹುದು. ಅದಕ್ಕೇ ಈ ರೋಗಿಗಳ ಅರ್ಜಿಯಲ್ಲಿ ದೇಹಕ್ಕಿಂತ ಕಡತವೇ ಹೆಚ್ಚು ಮಾತಾಡಬೇಕು. ಡಿಸ್ಚಾರ್ಜ್ ಚೀಟಿಗಳು, ರಕ್ತ ಹಾಕಿಸಿಕೊಂಡ ತಾರೀಖುಗಳ ಪುಸ್ತಕ, ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್‌ಗೆ ಎಚ್‌ಪಿಎಲ್‌ಸಿ ರಕ್ತಪರೀಕ್ಷೆಯ ವರದಿ, ಹಿಮೋಫಿಲಿಯಾಕ್ಕೆ ಫ್ಯಾಕ್ಟರ್ ಮಟ್ಟದ ವರದಿ, ನರರೋಗಕ್ಕೆ ಎಂಆರ್‌ಐ, ಇವೆಲ್ಲ ವರ್ಷದ ಕ್ರಮದಲ್ಲಿ ಜೋಡಿಸಿದ್ದರೆ ವೈದ್ಯರಿಗೆ ಒಂದು ದಿನದ ಬದಲು ಐದು ವರ್ಷ ಕಾಣುತ್ತದೆ.

ಅರ್ಜಿ ಈಗ ‘ಸ್ವಾವಲಂಬನ್’ ಜಾಲತಾಣದ ಮೂಲಕವೇ ಸಲ್ಲಬೇಕು. ಅದರಿಂದ ಸಿಗುವುದೇ ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಕಾರ್ಡ್. ಶೇ 40ಕ್ಕಿಂತ ಕಡಿಮೆಯಿದ್ದರೆ ಕಾರ್ಡಿನ ಮೇಲೆ ಬಿಳಿ ಪಟ್ಟಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಕಾರ್ಡ್ ದೇಶದಾದ್ಯಂತ ನಡೆಯುತ್ತದೆ. ಅರ್ಜಿ ಹಾಕುವಾಗ ವಾಸದ ಜಿಲ್ಲೆಯ ಆಸ್ಪತ್ರೆಯನ್ನಾಗಲಿ, ತನಗೆ ಚಿಕಿತ್ಸೆ ಕೊಟ್ಟ ಸರ್ಕಾರಿ ಆಸ್ಪತ್ರೆಯನ್ನಾಗಲಿ ಆರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಹಳೆಯ ಕೇಸ್ ಶೀಟು ಇರುವ ಆಸ್ಪತ್ರೆಯನ್ನೇ ಆರಿಸುವುದು ಜಾಣತನ. ಮೊದಲು ಒಂದು ತಿಂಗಳಿದ್ದ ಪ್ರಮಾಣಪತ್ರದ ಗಡುವನ್ನು 2024ರ ಅಕ್ಟೋಬರಿನ ತಿದ್ದುಪಡಿ ಮೂರು ತಿಂಗಳಿಗೆ ಹಿಗ್ಗಿಸಿತು. ಹಳ್ಳಿಗಳಲ್ಲಿ ಈ ಕೆಲಸಕ್ಕೆ ನೆರವಾಗುವವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಎಲ್ಲರೂ ಅವರನ್ನು ‘ವಿಆರ್‌ಡಬ್ಲ್ಯು’ ಎಂದೇ ಕರೆಯುವುದು. ಅವರ ದಿನದ ದೊಡ್ಡ ಪಾಲು ವೈದ್ಯಕೀಯವಲ್ಲದ ರಗಳೆಗೇ ಹೋಗುತ್ತದೆ: ಆಧಾರ್‌ನಲ್ಲಿ ಬಸವ್ವ, ರೇಷನ್ ಕಾರ್ಡಿನಲ್ಲಿ ಬಸಮ್ಮ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬಸವಮ್ಮ, ಒಟಿಪಿ ಹೋಗುವ ಮೊಬೈಲು ಬೆಂಗಳೂರಿನಲ್ಲಿರುವ ಅಳಿಯನದು.

ಪ್ರಮಾಣಪತ್ರ ಬಂದ ಮೇಲೆ ಪಿಂಚಣಿಗೆ ಬೇರೆ ಅರ್ಜಿ, ಬೇರೆ ಇಲಾಖೆ. ಕರ್ನಾಟಕದಲ್ಲಿ ಅದು ಕಂದಾಯ ಇಲಾಖೆಯ ಕೆಲಸ. ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು, ಆದಾಯದ ಮಿತಿಯೂ ಇದೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ‘ಪಗಾರ’ ಎಂದೇ ಹೆಸರು, ‘ಈ ತಿಂಗಳ ಪಗಾರ ಬಂತೇನ್ರೀ’ ಎಂದು ವಿಚಾರಿಸುತ್ತಾರೆ. ಶೇ 40ರಿಂದ 75ರೊಳಗಿನವರ ಮಾಸಾಶನವನ್ನು 2021ರ ಜುಲೈನಲ್ಲಿ 600 ರೂಪಾಯಿಯಿಂದ 800ಕ್ಕೆ ಏರಿಸಲಾಯಿತು, ಅದಕ್ಕೆ ಮೇಲಿನವರಿಗೆ 1,400 ರೂಪಾಯಿ ನಿಗದಿಯಾಗಿತ್ತು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ 2009ರಲ್ಲಿ ಆರಂಭವಾದದ್ದು, ಶೇ 80 ಊನವಿರುವ ಬಡವರಿಗೆ ಮಾತ್ರ, ಕೇಂದ್ರದ ಪಾಲು 300 ರೂಪಾಯಿ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಮುಂತಾದ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024-25ರ ರಾಜ್ಯ ಬಜೆಟ್ ಘೋಷಿಸಿತು. ಮೊತ್ತ ಚಿಕ್ಕದು. ಆದರೆ ಹಾಸಿಗೆ ಹಿಡಿದವರ ಪಕ್ಕದಲ್ಲಿ ಕೂಲಿ ಬಿಟ್ಟು ಕುಳಿತ ಸೊಸೆಯೋ ಹೆಂಡತಿಯೋ ಲೆಕ್ಕಕ್ಕೆ ಬಂದದ್ದು ಹೊಸದು. ಇನ್ನು ಬಸ್ ಪಾಸು ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರಿನವರೆಗೆ.

ಉದ್ಯೋಗ ಮೀಸಲಾತಿಯಲ್ಲಿ ಒಂದು ಬಿರುಕಿದೆ. ಉನ್ನತ ಶಿಕ್ಷಣದ ಶೇ 5 ಮೀಸಲಾತಿ ಶೇ 40 ದಾಟಿದ ಎಲ್ಲರಿಗೂ ಸಲ್ಲುತ್ತದೆ. ಸರ್ಕಾರಿ ನೌಕರಿಯ ಶೇ 4ರ ಗುಂಪುಗಳಲ್ಲಿ ಮಾತ್ರ ರಕ್ತದ ಕಾಯಿಲೆಗಳ ಹೆಸರಿಲ್ಲ. ಥಲಸ್ಸೀಮಿಯಾದ ಹುಡುಗಿ ಮೀಸಲಾತಿಯಲ್ಲಿ ಕಾಲೇಜು ಸೇರಬಹುದು, ಅದೇ ಕಾರ್ಡ್ ಹಿಡಿದು ನೌಕರಿಯ ಮೀಸಲಾತಿ ಕೇಳಿದರೆ ಬಾಗಿಲು ಮುಚ್ಚಿದೆ. ಈಗಾಗಲೇ ಸರ್ಕಾರಿ ಕೆಲಸದಲ್ಲಿರುವವರಿಗೆ ಆಸರೆಯಾಗುವುದು 2016ರ ಕಾಯ್ದೆಯ 20ನೆಯ ಸೆಕ್ಷನ್: ಸೇವೆಯಲ್ಲಿರುವಾಗ ಊನ ಬಂತೆಂದು ನೌಕರರನ್ನು ತೆಗೆಯುವಂತಿಲ್ಲ, ಸಂಬಳ ಇಳಿಸುವಂತಿಲ್ಲ, ಸರಿಹೊಂದುವ ಬೇರೆ ಹುದ್ದೆ ಕೊಡಬೇಕು.

ಶೇ 40ರ ಗೆರೆಯೇ ಎಲ್ಲಕ್ಕೂ ಕೊನೆಯಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ನರದೋಷವಿದ್ದ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು ನಿರಾಕರಿಸಲಾಗಿತ್ತು. ಆ ನೆರವು ಮೀಸಲಾತಿಯಂಥದ್ದಲ್ಲ, ಅದಕ್ಕೆ ಶೇ 40 ಬೇಕಿಲ್ಲ ಎಂದು ಪೀಠ ತೀರ್ಮಾನಿಸಿತು. ಬಿಳಿ ಪಟ್ಟಿಯ ಕಾರ್ಡನ್ನು ‘ಏನಕ್ಕೂ ಬಾರದ್ದು’ ಎಂದು ಮೂಲೆಗೆಸೆಯುವವರು ಈ ತೀರ್ಪನ್ನು ನೆನಪಿಡಬೇಕು.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಬಾಯಿಮಾತು ಸಾಲದು. ಆ ಪತ್ರವಿಲ್ಲದೆ ಮೇಲ್ಮನವಿ ನಿಲ್ಲುವುದು ಕಷ್ಟ. ಮೇಲ್ಮನವಿಗೆ ತೀರ್ಮಾನದ ದಿನದಿಂದ 90 ದಿನಗಳ ಅವಕಾಶವಿದೆ. ಸ್ಥಿತಿ ಬದಲಾಗುವ ಸಂಭವವಿದ್ದರೆ ಪ್ರಮಾಣಪತ್ರ ‘ತಾತ್ಕಾಲಿಕ’, ಇಲ್ಲದಿದ್ದರೆ ‘ಶಾಶ್ವತ’. ಏರಿಳಿಯುವ ಕಾಯಿಲೆಯವರಿಗೆ ತಾತ್ಕಾಲಿಕ ಪತ್ರ ಬರುವ ಸಂಭವ ಹೆಚ್ಚು. ಅದರ ಕೊನೆಯ ತಾರೀಖು ಕಾರ್ಡಿನ ಮೇಲೆಯೇ ಇರುತ್ತದೆ. ಅದಕ್ಕೆ ಮೂರು ನಾಲ್ಕು ತಿಂಗಳು ಮುಂಚೆಯೇ ಹಳೆಯ ಕಡತ, ನಡುವಿನ ವರ್ಷಗಳ ಹೊಸ ಚೀಟಿಗಳು, ಹಳೆಯ ಪ್ರಮಾಣಪತ್ರದ ಜೆರಾಕ್ಸ್ ಹಿಡಿದು ಮತ್ತೆ ಅದೇ ಸಾಲಿನಲ್ಲಿ ನಿಲ್ಲಬೇಕು.