ಹಿಮದ ನಾಡಿನಿಂದ ಬಿಸಿಲ ಸೀಮೆಗೆ

ನೌಕರಿಯಿಂದ ನಿವೃತ್ತರಾದ ಮೇಲೆ ಬಿಸಿಲು ಚೆನ್ನಾಗಿ ಕಾಯುವ, ಜೀವನ ಅಗ್ಗವಾಗಿ ಸಾಗುವ ಯಾವುದಾದರೊಂದು ದೇಶಕ್ಕೆ ಹೋಗಿ ನೆಲೆಸಬೇಕೆಂಬುದು ಶೀತದೇಶಗಳ ಜನರಿಗೆ ಬಹುಕಾಲದಿಂದ ಇರುವ ಆಸೆ. ಇಂಗ್ಲೆಂಡಿನವರು ಸ್ಪೇನಿನ ಕಡಲತೀರಕ್ಕೂ ಅಮೆರಿಕದವರು ಮೆಕ್ಸಿಕೋ ದೇಶಕ್ಕೂ ಹೀಗೆ ಹೊರಡುತ್ತಾರೆ. ಹೊರಡುವ ಮುನ್ನ ಕಾಗದ ಪೆನ್ಸಿಲು ಹಿಡಿದು ಕೂತು ಮನೆಯ ಬಾಡಿಗೆ ಎಷ್ಟು, ಅಡಿಗೆಯ ಖರ್ಚು ಎಷ್ಟು, ವರ್ಷದಲ್ಲಿ ಮೋಡವಿಲ್ಲದ ದಿನಗಳು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಬೆಂಗಳೂರು ಮೈಸೂರುಗಳ ಮನೆಗಳಲ್ಲಿಯೂ ಈಗೀಗ ಪರದೇಶವಾಸದ ಲೆಕ್ಕಾಚಾರ ಕೇಳಿಬರುತ್ತದೆ. ಈ ಲೆಕ್ಕದ ಕಾಗದದಲ್ಲಿ ಬಿಟ್ಟುಹೋಗುವ ಬಾಬುಗಳು ಯಾವುವೆಂದು ತಿಳಿಯಲು ಸ್ಪೇನಿನವರೆಗೆ ಪ್ರಯಾಣ ಮಾಡಬೇಕಾಗಿಲ್ಲ. ಚಾಮರಾಜನಗರ ಜಿಲ್ಲೆಯ ಹನೂರು ಸೀಮೆಗೆ ಹೋದರೆ ಸಾಕು.

ಕೊಳ್ಳೇಗಾಲವನ್ನು ದಾಟಿ ಹನೂರಿನ ಕಡೆಗೆ ಸಾಗಿದಂತೆ ನೀರಾವರಿಯ ಹಸುರು ಹಿಂದೆ ಸರಿದು, ರಾಗಿ, ಜೋಳ, ಹುರುಳಿಗಳ ಒಣ ಹೊಲಗಳು ಮೊದಲಾಗುತ್ತವೆ. ಒಂದು ಕಡೆ ಮಲೆ ಮಹದೇಶ್ವರನ ಬೆಟ್ಟ. ಇನ್ನೊಂದು ಕಡೆ ರಾಮಾಪುರ. ಅಲ್ಲಿಂದ ಮುಂದೆ ದಾರಿ ಗರಿಕೆಕಂಡಿಯ ಮೇಲೆ ಹಾಯ್ದು ತಮಿಳುನಾಡಿನ ಬರಗೂರು ಬೆಟ್ಟಗಳಿಗೆ ಇಳಿಯುತ್ತದೆ. ಮುಂಗಾರು ಮಳೆಯ ಬಹುಪಾಲು ಪಶ್ಚಿಮದ ಘಟ್ಟಗಳಲ್ಲೇ ಸುರಿದುಹೋಗುವುದರಿಂದ ಇಲ್ಲಿಯ ಬೇಸಾಯ ಅರ್ಧಕ್ಕರ್ಧ ಹಿಂಗಾರನ್ನು ನೆಚ್ಚಿದ್ದು. ಹಿಂಗಾರು ಕೈಕೊಟ್ಟ ವರ್ಷ ಈ ಕಡೆಯ ಹಳ್ಳಿಗರು ಕೂಲಿಯನ್ನರಸಿ ಕೊಡಗಿನ ಕಾಫಿ ತೋಟಗಳಿಗೂ ತಮಿಳುನಾಡಿನ ಊರುಗಳಿಗೂ ಹೊರಡುವುದುಂಟು. ಬಿಸಿಲಿಗೇನೂ ಕೊರತೆಯಿಲ್ಲ, ನೆಲವೂ ದುಬಾರಿಯದಲ್ಲ. ನಮ್ಮ ಲೆಕ್ಕಿಗರ ಎರಡು ಕಲಮುಗಳೂ ಇಲ್ಲಿ ತುಂಬುತ್ತವೆ.

ಹೊರಗಿನಿಂದ ಬಂದವರು ಈ ಸೀಮೆಗೆ ಹೊಸಬರೇನೂ ಅಲ್ಲ. ಎಪ್ಪತ್ತೇಳು ಮಲೆಗಳ ಒಡೆಯನಾದ ಮಾದಪ್ಪನೇ ಉತ್ತರದೇಶದಿಂದ ಬಂದವನೆಂದು ದೇವರಗುಡ್ಡರು ಹಾಡುತ್ತಾರೆ. ಜನ ಕೂತಲ್ಲಿಯೇ ಇದ್ದರೂ ರಾಜ್ಯ ಬದಲಾದದ್ದೂ ಉಂಟು. ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯ ಪಾಲಾಯಿತು. ಹನೂರು ಅದರಿಂದ ಬೇರೆಯಾಗಿ ಸ್ವತಂತ್ರ ತಾಲ್ಲೂಕಾದದ್ದು ತೀರ ಈಚಿನ ಮಾತು. ಹೀಗಿದ್ದರೂ ೧೯೭೪ರಲ್ಲಿ ಒಡೆಯರಪಾಳ್ಯಕ್ಕೆ ಬಂದಿಳಿದವರಷ್ಟು ದೂರದಿಂದ ಬಂದವರನ್ನು ಈ ನೆಲ ಅದಕ್ಕೆ ಮುಂಚೆ ಕಂಡಿರಲಾರದು. ಅವರು ತಿಬ್ಬತ್ತಿನವರು.

ಆ ಕಥೆಯ ಮೊದಲು ೧೯೫೯ರಲ್ಲಿದೆ. ಆ ವರ್ಷದ ಮಾರ್ಚಿಯಲ್ಲಿ ಲ್ಹಾಸಾ ನಗರದಲ್ಲಿ ಚೀನೀ ಆಡಳಿತದ ವಿರುದ್ಧ ಎದ್ದ ದಂಗೆ ಅಡಗಿಹೋಯಿತು. ದಲೈ ಲಾಮಾ ಅವರು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಬಂದವರಲ್ಲಿ ಅನೇಕರು ಉತ್ತರದ ಬೆಟ್ಟನಾಡುಗಳಲ್ಲಿ ರಸ್ತೆ ಕಡಿಯುವ ಕೂಲಿಗಳಾದರು. ಗುಡಾರದ ಬಾಳು, ಎಳೆಯ ಮಕ್ಕಳು, ಕ್ಷಯರೋಗ: ಹೀಗೆಯೇ ಬಹುಕಾಲ ಸಾಗುವಂತಿರಲಿಲ್ಲ. ಒಟ್ಟಾಗಿ ಬಾಳುವುದಕ್ಕೆ, ಭಾಷೆ ಧರ್ಮಗಳನ್ನು ಉಳಿಸಿಕೊಳ್ಳುವುದಕ್ಕೆ ಒಂದಿಷ್ಟು ನೆಲ ಬೇಕಾಗಿತ್ತು. ಪ್ರಧಾನಿ ನೆಹರೂ ಅವರು ರಾಜ್ಯಸರ್ಕಾರಗಳನ್ನು ಕೇಳಿದರು. ಧಾರಾಳವಾಗಿ ಓಗೊಟ್ಟ ರಾಜ್ಯಗಳಲ್ಲಿ ಮೈಸೂರು ಮುಂದಿತ್ತು. ಈ ವಿಷಯದಲ್ಲಿ ಎಸ್. ನಿಜಲಿಂಗಪ್ಪನವರ ಉಪಕಾರವನ್ನು ದಲೈ ಲಾಮಾ ಅವರು ಹಲವು ಬಾರಿ ಸ್ಮರಿಸಿದ್ದಾರೆ.

ಮೊದಲ ವಸತಿ ಪಿರಿಯಾಪಟ್ಟಣದ ಹತ್ತಿರದ ಬೈಲಕುಪ್ಪೆ. ೧೯೬೦ರ ಡಿಸೆಂಬರಿನಲ್ಲಿ ೬೬೬ ಜನರ ಮೊದಲ ತಂಡ ಅಲ್ಲಿಗೆ ಬಂತು. ಕೊಟ್ಟದ್ದು ೩೦೦೦ ಎಕರೆ. ತಲೆಗೊಂದು ಎಕರೆಯೆಂದು ಯೋಜನೆ. ಕಾಗದದ ಮೇಲೆ ಇದು ಸೊಗಸಾದ ಭಾಗಾಕಾರ. ನೆಲದ ಮೇಲೆ ಅದು ಕಾಡಾಗಿತ್ತು. ಮರ ಕಡಿದು ಸುಟ್ಟು ಹೊಲ ಮಾಡಬೇಕಾಯಿತು. ಬೆಳೆದ ಪೈರನ್ನು ಆನೆಗಳು ತುಳಿದುವು. ಸಮುದ್ರಮಟ್ಟದಿಂದ ಸುಮಾರು ೧೨,೦೦೦ ಅಡಿ ಎತ್ತರದ ತಣ್ಣನೆಯ ಗಾಳಿಗೆ ಒಗ್ಗಿದ್ದ ಮೈ, ೩,೦೦೦ ಅಡಿಗೂ ಕೆಳಗಿನ ಸೆಕೆಯಲ್ಲಿ ಸೊರಗಿತು. ನಾವು ಸುಖವೆಂದು ಬಗೆಯುವ ಬಿಸಿಲು ಅವರಿಗೆ ಮೊದಲ ಶತ್ರುವಾಯಿತು. ಹೊಸನಾಡಿನ ಬಿಸಿಲನ್ನು ದಿನಗಳಲ್ಲಿ ಎಣಿಸುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಬೈಲಕುಪ್ಪೆಯಾದ ಮೇಲೆ ೧೯೬೬ರಲ್ಲಿ ಮುಂಡಗೋಡು, ೧೯೬೯ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ವಸತಿ, ೧೯೭೨ರಲ್ಲಿ ಹುಣಸೂರು ಕಡೆಯ ಗುರುಪುರ. ಕೊನೆಗೆ ೧೯೭೪ರಲ್ಲಿ ಒಡೆಯರಪಾಳ್ಯ. ಅದಕ್ಕೆ ಅವರಿಟ್ಟ ಹೆಸರು ಧೊಂಡೆನ್‌ಲಿಂಗ್. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಆಗಿನ್ನೂ ಸ್ವಲ್ಪವೇ ಕಾಲ ಕಳೆದಿತ್ತು. ಮುಖ್ಯಮಂತ್ರಿಗಳಾಗಿದ್ದವರು ದೇವರಾಜ ಅರಸು. ಉಳುವವನಿಗೆ ನೆಲವೆಂಬ ಕಾನೂನು ನಾಡಿನಲ್ಲೆಲ್ಲ ಜಾರಿಗೆ ಬರುತ್ತಿದ್ದ ವರ್ಷವೇ ಈ ಪರದೇಶಿಗಳಿಗೂ ಇಲ್ಲಿ ಉಳುವ ನೆಲ ಸಿಕ್ಕಿತು. ಅನುಭವ ಸಾಲದ ಮೊದಲಿಗರಿಗಿಂತ ಇವರಿಗೆ ಅನುಕೂಲವಿತ್ತು. ಹಳ್ಳಿಗಳನ್ನು ಅಳೆದು ಸಾಲಾಗಿ ಕಟ್ಟಿದರು. ಹೊಸ ಊರುಗಳಿಗೆ ಹೆಸರಿಡುವ ಗೋಜಿಗೂ ಹೋಗದೆ ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟರು. ‘ಎ’ ಹಳ್ಳಿ, ‘ಬಿ’ ಹಳ್ಳಿ ಎಂದೇ ಇಂದಿಗೂ ವಿಳಾಸ ನಡೆಯುತ್ತದೆ.

ಆದರೆ ನೆಲ ಸುಲಭವಾಗಿ ಸಿಗುವುದಕ್ಕೆ ಯಾವಾಗಲೂ ಒಂದು ಕಾರಣವಿರುತ್ತದೆ. ಇಲ್ಲಿ ಆ ಕಾರಣ ನೀರು. ತಿಬ್ಬತ್ತಿನವರ ನಿತ್ಯದ ಅನ್ನ ಜವೆಗೋಧಿಯ ಹುರಿಹಿಟ್ಟು. ಈ ಮಣ್ಣು ಮಳೆಗಳಿಗೆ ಒಗ್ಗಿದ್ದು ರಾಗಿ ಮತ್ತು ಮುಸುಕಿನ ಜೋಳ. ಯಾಕ್ ಮೇಯಿಸಿದ ಕೈಗಳು ಮುಸುಕಿನ ಜೋಳ ಬಿತ್ತಿದುವು. ಮಳೆ ಬಂದ ವರ್ಷ ಕಣಜಕ್ಕೆ ಕಾಳು. ಬಾರದ ವರ್ಷ ರಾಮಾಪುರದ ರೈತನಿಗಾದ ಗತಿಯೇ ಇವರಿಗೂ. ರೈತ ಕೂಲಿಗೆ ಹೊರಟನಷ್ಟೆ. ಇವರು ವ್ಯಾಪಾರಕ್ಕೆ ಹೊರಟರು.

ಆ ವ್ಯಾಪಾರವನ್ನು ನಗರವಾಸಿಗಳಾದ ವಾಚಕರು ಬಲ್ಲರು. ಚಳಿಗಾಲ ಬರುತ್ತಲೇ ನಗರದ ಬಯಲುಗಳಲ್ಲಿ ಸಾಲಾಗಿ ಡೇರೆ ಹಾಕಿ ಸ್ವೆಟರು, ಶಾಲು, ಕುಲಾವಿಗಳನ್ನು ಮಾರುವ ತಿಬ್ಬತ್ತಿನ ಹೆಂಗಸರನ್ನು ಯಾರು ಕಂಡಿಲ್ಲ? ಸರಕು ಬಹುಮಟ್ಟಿಗೆ ಪಂಜಾಬಿನ ಲೂಧಿಯಾನದ್ದು. ಹೊಲದ ಕೆಲಸ ಮುಗಿಸಿ ನವೆಂಬರಿನಲ್ಲಿ ಹೊರಟವರು ಸಂಕ್ರಾಂತಿ ಕಳೆದು ತಮ್ಮ ಹೊಸವರ್ಷವಾದ ಲೋಸರ್ ಹಬ್ಬಕ್ಕೆ ಹಿಂದಿರುಗುತ್ತಾರೆ. ಬಿಸಿಲ ಸೀಮೆಗೆ ಬಂದು ನೆಲೆಸಿದವರ ಮನೆಯನ್ನು ಕಾಪಾಡಿದ್ದು ಊರೂರಿನ ಚಳಿ! ಯಾವ ಯೋಜನಾಧಿಕಾರಿಯ ಕಾಗದದಲ್ಲಿಯೂ ಈ ಆದಾಯದ ಬಾಬು ಇದ್ದಿರಲಾರದು.

ನೆರೆಹೊರೆಯೆಂಬುದು ಲೆಕ್ಕಕ್ಕೆ ಸಿಗದ ಇನ್ನೊಂದು ಬಾಬು. ತಿಬ್ಬತ್ತಿಗರ ಪುನರ್ವಸತಿಗಾಗಿಯೇ ೧೯೬೮ರಲ್ಲಿ ಮೈಸೂರು ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ ಎಂಬ ಸಂಸ್ಥೆ ಹುಟ್ಟಿತು. ಜನ ಅದನ್ನು ಮೈರಾಡ ಎಂದು ಕರೆಯುತ್ತಾರೆ. ಬಂದವರಿಗೆ ಮನೆ, ರಸ್ತೆ, ಟ್ರ್ಯಾಕ್ಟರು ದೊರೆತಾಗ ಅಕ್ಕಪಕ್ಕದ ಬಡವರು ‘ನಮ್ಮ ಪಾಡೇನು?’ ಎಂದು ನೋಡುವುದು ಸಹಜ. ಮೈರಾಡ ಕ್ರಮೇಣ ಆ ಬಡವರ ಕಡೆಗೇ ತಿರುಗಿತು. ೧೯೮೦ರ ದಶಕದ ನಡುವಿನಲ್ಲಿ ಅದು ಹಳ್ಳಿಗಳಲ್ಲಿ ಕಟ್ಟಿದ ಸಣ್ಣ ಉಳಿತಾಯದ ಗುಂಪುಗಳು ಇಂದು ದೇಶದಲ್ಲೆಲ್ಲ ಹಬ್ಬಿರುವ ಸ್ವಸಹಾಯ ಸಂಘಗಳ ಮೊದಲ ಮಾದರಿಗಳಲ್ಲಿ ಸೇರಿವೆ. ಪರದೇಶಿಗೆ ಮಾಡಿದ ಉಪಕಾರ ಹೀಗೆ ಊರಿನವನ ಮನೆಗೂ ಬಂತು.

ಉಳಿದದ್ದು ಕಾನೂನು. ಒಡೆಯರಪಾಳ್ಯದ ಮನೆಯಲ್ಲಿ ಹುಟ್ಟಿ, ಕನ್ನಡ ಕಲಿತು, ಹನೂರಿನ ಸಂತೆಯಲ್ಲಿ ಚೌಕಾಸಿ ಮಾಡಿ ಬೆಳೆದ ಹುಡುಗ ಯಾವ ದೇಶದವನು? ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂದು ಶಾಸನ ಹೇಳುತ್ತದೆ. ಅದು ತಿಬ್ಬತ್ತಿಗರಿಗೂ ಸಲ್ಲುತ್ತದೆಂದು ದೆಹಲಿಯ ಉಚ್ಚ ನ್ಯಾಯಾಲಯ ೨೦೧೦ರಲ್ಲಿ, ಕರ್ನಾಟಕದ ಉಚ್ಚ ನ್ಯಾಯಾಲಯ ೨೦೧೩ರಲ್ಲಿ ತೀರ್ಪಿತ್ತವು. ೨೦೧೭ರಲ್ಲಿ ವಿದೇಶಾಂಗ ಸಚಿವಾಲಯವು, ಪಾಸ್‌ಪೋರ್ಟ್ ಬೇಡುವವರು ನಿರಾಶ್ರಿತರ ವಸತಿಯಲ್ಲಿ ಇರಕೂಡದೆಂಬ ಷರತ್ತನ್ನು ವಿಧಿಸಿತು. ಆ ಷರತ್ತಿನಂತೆ ಪ್ರಜೆಯಾಗಬೇಕಾದರೆ ಹುಟ್ಟಿದ ಮನೆಯನ್ನು ಬಿಡಬೇಕಾಗಿತ್ತು. ಮನೆಯಲ್ಲಿ ಉಳಿಯಬೇಕಾದರೆ ನಿರಾಶ್ರಿತನೆಂಬ ಹೆಸರನ್ನು ಉಳಿಸಿಕೊಳ್ಳಬೇಕಾಗಿತ್ತು. ತಂದೆತಾಯಿಗಳು ಉತ್ತ ನೆಲವಾದರೂ ಸರ್ಕಾರದ್ದೇ; ಮಾರುವ ಹಕ್ಕು ಅವರಿಗಿಲ್ಲ. ಬಾಡಿಗೆ, ಬೇಳೆ, ಬಿಸಿಲುಗಳನ್ನು ಎಣಿಸಿ ಪರದೇಶಕ್ಕೆ ಹೊರಡುವವನು ಎಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಅಲ್ಲಿ ನನ್ನ ಮಕ್ಕಳು ಏನೆನ್ನಿಸಿಕೊಳ್ಳುತ್ತಾರೆ?

ಆ ಪ್ರಶ್ನೆಗೆ ಧೊಂಡೆನ್‌ಲಿಂಗಿನ ಮಕ್ಕಳು ತಮ್ಮದೇ ಉತ್ತರ ಕಂಡುಕೊಳ್ಳುತ್ತಿದ್ದಾರೆ. ೧೯೯೦ರ ಕಾನೂನಿನ ಮೂಲಕ ಅಮೆರಿಕ ೧,೦೦೦ ತಿಬ್ಬತ್ತಿಗರಿಗೆ ಪ್ರವೇಶ ಕೊಟ್ಟಿತು. ಹೋದವರು ಬಂಧುಗಳನ್ನು ಕರೆಸಿಕೊಂಡರು. ಆಮೇಲೆ ಕೆನಡಾ, ಯೂರೋಪುಗಳಿಗೂ ದಾರಿ ತೆರೆಯಿತು. ತಿಬ್ಬತ್ತಿಗರ ೨೦೦೯ರ ಜನಗಣತಿಯಲ್ಲಿ ಭಾರತದಲ್ಲಿ ೯೪,೨೦೩ ಮಂದಿ ಇದ್ದರು. ಮುಂದೆ ಸಂಖ್ಯೆ ಇಳಿಯುತ್ತ ಬಂದಿದೆ. ಈ ವಸತಿಗಳಲ್ಲಿ ಈಗ ವೃದ್ಧರೂ, ಭಿಕ್ಷುಗಳೂ ಎದ್ದು ಕಾಣುತ್ತಾರೆ. ಅಜ್ಜ ಚಳಿಯ ನಾಡಿನಿಂದ ಬಿಸಿಲಿಗೆ ಬಂದ. ಮೊಮ್ಮಗ ಬಿಸಿಲಿನ ನಾಡಿನಿಂದ ಟೊರಾಂಟೋ ನಗರದ ಹಿಮಕ್ಕೆ ಹೊರಟಿದ್ದಾನೆ. ಅವನೂ ಕಾಗದ ಪೆನ್ಸಿಲು ಹಿಡಿದು ಕೂತೇ ಹೊರಟವನು. ಅವನ ಕಾಗದದ ಮೊದಲ ಸಾಲಿನಲ್ಲಿ ಹವೆಯ ಮಾತೂ ಇಲ್ಲ, ಬೆಲೆಯ ಮಾತೂ ಇಲ್ಲ, ಪೌರತ್ವವಿದೆ.

ಇದನ್ನು ಸೋಲಿನ ಕಥೆಯೆಂದು ತಿಳಿಯಬಾರದು. ನೆಲೆಯಿಲ್ಲದೆ ಬಂದ ಜನಕ್ಕೆ ಈ ಒಣಸೀಮೆ ಅರ್ಧ ಶತಮಾನ ಅನ್ನ ಕೊಟ್ಟಿದೆ. ತಿಬ್ಬತ್ತಿನ ಖಾಮ್ ಪ್ರಾಂತದ ಹೆಸರಾಂತ ಜೋಗ್‌ಚೆನ್ ವಿಹಾರ ಒಡೆಯರಪಾಳ್ಯದಲ್ಲಿ ಮತ್ತೆ ತಲೆಯೆತ್ತಿದೆ. ಮಾದಪ್ಪನ ಪರಿಷೆಗೆ ನಡೆಯುವ ಭಕ್ತರು ‘ಉಘೇ ಉಘೇ’ ಎನ್ನುವ ಸೀಮೆಯಲ್ಲೇ ಬೌದ್ಧರ ಮಂತ್ರಧ್ವಜಗಳೂ ಗಾಳಿಗೆ ಆಡುತ್ತಿವೆ. ಮುಸುಕಿನ ಜೋಳದ ಹೊಲಕ್ಕೆ ಈ ವರ್ಷವೂ ಮಳೆಯೇ ಒಡೆಯ. ಅದು ಬಂದರೆ ಒಡೆಯರಪಾಳ್ಯಕ್ಕೂ ರಾಮಾಪುರಕ್ಕೂ ಒಟ್ಟಿಗೇ ಬರುತ್ತದೆ.