ಆಳಿಗೊಂದು ಕಲ್ಲು

‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.’ ಈಗ ಈ ಗಾದೆ ರಾಜಕೀಯ ವರದಿಗಳಲ್ಲಿ ಮತ್ತು ಕಚೇರಿಯ ಹರಟೆಯಲ್ಲಿ ಬದುಕಿದೆ. ಅಧಿಕಾರ ಕಳೆದುಕೊಂಡವನ ಮೇಲೆ ನಾಲ್ಕು ಜನ ಬಿದ್ದರೆ ಅದು ನೆನಪಾಗುತ್ತದೆ. ಆದರೆ ಗಾದೆ ಹುಟ್ಟಿದ ಕಾಲದಲ್ಲಿ ಅಲ್ಲಿ ನಿಜವಾದ ತೋಳವಿತ್ತು, ನಿಜವಾದ ಹಳ್ಳವಿತ್ತು. ದಿಣ್ಣೆಯ ಬದಿಯಲ್ಲಿ ಗುಂಡಿ ತೋಡಿ, ಮೇಲೆ ಮುಳ್ಳುಕಂಟಿ ಹರಡಿ, ಆಚೆ ಒಂದು ಆಡಿನ ಮರಿ ಕಟ್ಟಿ ತೋಳವನ್ನು ಬೀಳಿಸುವ ಕ್ರಮ ಬಯಲುಸೀಮೆಯವರಿಗೆ ಹೊಸದೇನಲ್ಲ. ಬೆಳಗಾದ ಮೇಲೆ ಊರು ಅಲ್ಲಿಗೆ ಹೋಗುತ್ತಿತ್ತು. ಬಂದೂಕಿಲ್ಲ, ಬೇಟೆಗಾರನಿಲ್ಲ. ಕುರಿ ಕಳೆದುಕೊಂಡವನೂ ಕಲ್ಲು ಎತ್ತುತ್ತಿದ್ದ, ನಾಳೆ ಕಳೆದುಕೊಳ್ಳಬಹುದಾದವನೂ ಎತ್ತುತ್ತಿದ್ದ.

ಇದರಲ್ಲಿ ಸೊಗಸೇನೂ ಇಲ್ಲ. ಗವಿಯ ಬಾಯಿಗೆ ಹೊಗೆ ಹಾಕಿ ಕಣ್ಣು ಬಿಡದ ಮರಿಗಳನ್ನು ಉಸಿರುಗಟ್ಟಿಸುವುದೂ ಇದೇ ಲೋಕದ ಪದ್ಧತಿ. ಗಮನಿಸಬೇಕಾದದ್ದು ಬೇರೆ: ನಷ್ಟವೂ ಊರಿನದು, ಕೊಲೆಯೂ ಊರಿನದು. ಯಾವ ತೋಳ, ಯಾರ ಹಟ್ಟಿಗೆ, ಯಾವಾಗ ಬಂತು ಎಂಬುದು ಕಲ್ಲು ಎತ್ತಿದವರಿಗೆ ಗೊತ್ತಿತ್ತು.

ಕಾಡಿನ ಮೃಗದೊಡನೆ ಹೋರಾಡುವುದಕ್ಕೆ ಕನ್ನಡ ನಾಡಿನಲ್ಲಿ ಗೌರವವೂ ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಶಾಸನ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು. ಗಂಗರ ಬೂತುಗನಿಂದ ಆ ನಾಯಿಯನ್ನು ಕೇಳಿ ಪಡೆದವನು ಮಣಲೇರ. ಅದು ಹಂದಿಯೊಡನೆ ಕಾದಾಡಿತು, ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದು ಕುರಿ ಕಾಯುವ ನಾಯಿಯಲ್ಲ, ಬೇಟೆನಾಯಿ. ಆದರೂ ನಾಯಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ ಸಮಾಜ ಅದು. ಕೊಡಗಿನಲ್ಲಿ ಹುಲಿ ಕೊಂದವನಿಗೆ ‘ನರಿ ಮಂಗಲ’ ನಡೆಯುತ್ತಿತ್ತು. ಸತ್ತ ಹುಲಿಯ ಪಕ್ಕದಲ್ಲಿ ಅವನನ್ನು ಮದುಮಗನಂತೆ ಕೂರಿಸಿ, ಊರವರು ಒಬ್ಬೊಬ್ಬರಾಗಿ ಬಂದು ಹರಸುತ್ತಿದ್ದರು. (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಬಯಲುಸೀಮೆಯವನು ಇದನ್ನು ಕೇಳಿ ನಕ್ಕರೆ ಕೊಡವರು ಕ್ಷಮಿಸಬೇಕು.)

ಹತ್ತೊಂಬತ್ತನೇ ಶತಮಾನದಲ್ಲಿ ಈ ಲೆಕ್ಕ ಬದಲಾಯಿತು. ಬ್ರಿಟಿಷ್ ಸರ್ಕಾರದ ಕಣ್ಣಿಗೆ ಹುಲಿ, ಚಿರತೆ, ತೋಳ, ಹಾವು ಎಲ್ಲವೂ ಬೇಸಾಯದ ವಿಸ್ತರಣೆಗೆ, ಅಂದರೆ ಕಂದಾಯಕ್ಕೆ, ಅಡ್ಡಿ. ಸತ್ತ ಪ್ರಾಣಿಯ ತಲೆ ಅಥವಾ ಚರ್ಮ ತಂದು ಕಚೇರಿಯಲ್ಲಿ ಒಪ್ಪಿಸಿದರೆ ಇನಾಮು. 1870ರ ದಶಕದಿಂದ ಇದು ದೇಶದುದ್ದಕ್ಕೂ ವರ್ಷಾವರಿ ಲೆಕ್ಕ ಬರೆಯುವ ವ್ಯವಸ್ಥೆಯಾಯಿತು. ಆ ದಾಖಲೆಗಳನ್ನು ಆಧರಿಸಿ ಇತಿಹಾಸಕಾರ ಮಹೇಶ್ ರಂಗರಾಜನ್ ಕೊಟ್ಟ ಅಂಕಿ ಪ್ರಸಿದ್ಧ: 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000ದಷ್ಟು ತೋಳ. ಹುಲಿಯ ಅಂಕಿಯನ್ನು ಎಲ್ಲರೂ ಉದ್ಧರಿಸುತ್ತಾರೆ. ಅತಿ ದೊಡ್ಡ ಅಂಕಿ ತೋಳದ್ದು ಎಂಬುದು ಯಾಕೋ ಯಾರ ಕಣ್ಣಿಗೂ ಬೀಳುವುದಿಲ್ಲ. ತೋಳದ ಚರ್ಮವನ್ನು ಅರಮನೆಯ ಗೋಡೆಗೆ ಯಾರೂ ತೂಗುಹಾಕಲಿಲ್ಲ, ಅದಕ್ಕಿರಬೇಕು.

ಕನ್ನಡ ನಾಡು ಆಗ ಹಲವು ಸರ್ಕಾರಗಳ ನಡುವೆ ಹರಿದು ಹಂಚಿಹೋಗಿತ್ತು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ, ಅಂದರೆ ವಿಶಾಖಪಟ್ಟಣ ಮತ್ತು ಬೆಜವಾಡದ ಜೊತೆ ಒಂದೇ ಆಡಳಿತದ ಕೆಳಗೆ. ಧಾರವಾಡ, ವಿಜಾಪುರ ಮುಂಬಯಿಗೆ. ಕೊಪ್ಪಳ ನಿಜಾಮನ ಸೀಮೆಗೆ. ಚಿತ್ರದುರ್ಗ, ತುಮಕೂರು ಮೈಸೂರಿಗೆ. ತುಂಗಭದ್ರೆಯ ಆಚೀಚೆ ಕುರಿ ಹೊಡೆದುಕೊಂಡು ಹೋಗುವ ಕುರುಬನೂ ಅವನ ಹಿಂಡಿನ ಹಿಂದೆ ಹೋಗುವ ತೋಳವೂ ಈ ಗಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಇನಾಮು ಕೊಲ್ಲುವ ಕಾರಣವನ್ನೇ ಬದಲಿಸಿತು. ಗುಂಡಿಗೆ ಬಿದ್ದ ತೋಳ ಕುರಿ ತಿಂದದ್ದೋ, ಮೂರು ಹರದಾರಿ ಆಚೆ ಮೊಲ, ಇಲಿ, ಕೃಷ್ಣಮೃಗ ತಿಂದು ಬದುಕಿದ್ದೋ ಎಂದು ಕಚೇರಿ ಕೇಳುತ್ತಿರಲಿಲ್ಲ. ಅದಕ್ಕೆ ತಲೆ ಸಾಕು. ಬೆಳೆದ ತೋಳವನ್ನು ಹಿಡಿಯುವುದು ಕಷ್ಟ, ಗವಿಯಲ್ಲಿ ಒಟ್ಟಿಗೆ ಮಲಗಿದ ಮರಿಗಳನ್ನು ಹಿಡಿಯುವುದು ಸುಲಭ. ನರಿಯ ತಲೆಯನ್ನು ತೋಳದ್ದೆಂದು ತಂದು ಹಣ ಪಡೆಯುತ್ತಾರೆ ಎಂಬುದು ಅಧಿಕಾರಿಗಳ ಗೊಣಗಾಟ. ಈ ಮೋಸಕ್ಕೆ ಹಳ್ಳಿಯವರನ್ನು ಬೈಯುವುದು ಅನ್ಯಾಯ. ತಲೆಗೆ ಬೆಲೆ ಕಟ್ಟಿದ ಮೇಲೆ ತಲೆಗಳು ಬಂದವು, ಅಷ್ಟೇ.

1878ರ ಶಸ್ತ್ರಾಸ್ತ್ರ ಕಾಯ್ದೆಯಂತೂ ವಿಚಿತ್ರ ಸ್ಥಿತಿ ತಂದಿತು. ಮೃಗಗಳನ್ನು ಕೊಲ್ಲಿ ಎಂದ ಸರ್ಕಾರವೇ ಪರವಾನಗಿಯಿಲ್ಲದೆ ಬಂದೂಕು ಇಡಬೇಡಿ ಎಂದಿತು. 1861ರಲ್ಲೇ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಕೊಟ್ಟ ವಿನಾಯಿತಿ ಮುಂದುವರಿದದ್ದರಿಂದ ಅಲ್ಲಿ ಕೋವಿ ಮನೆಯಲ್ಲಿ ಉಳಿಯಿತು. ಬಯಲುಸೀಮೆಯ ಕುರಿಗಾಹಿಗೆ ಅಂಥ ಅದೃಷ್ಟವಿರಲಿಲ್ಲ. ಅವನ ಬಳಿ ಉಳಿದದ್ದು ಕೋಲು, ನಾಯಿ, ಬೆಂಕಿ, ಗುಂಡಿ.

ಇದನ್ನು ಒಪ್ಪದ ಬಿಳಿಯರೂ ಇದ್ದರು. ಚಾಮರಾಜನಗರದ ಬಳಿ ನೆಲೆಸಿ ಮೈಸೂರು ಸರ್ಕಾರಕ್ಕೆ ಆನೆ ಹಿಡಿದ ಜಿ.ಪಿ. ಸ್ಯಾಂಡರ್ಸನ್ ಹುಲಿ ಬೇಟೆಯಾಡಿದವನೇ. ಆದರೂ 1878ರ ತನ್ನ ಪುಸ್ತಕದಲ್ಲಿ, ಬೆಳೆ ತಿನ್ನುವ ಜಿಂಕೆ, ಹಂದಿಗಳನ್ನು ಹತೋಟಿಯಲ್ಲಿಡುವ ಹುಲಿ ರೈತನಿಗೆ ಬರೀ ಪೀಡೆಯಲ್ಲ ಎಂದು ವಾದಿಸಿದ. ತೋಳದ ಪರವಾಗಿ ಹೀಗೆ ವಕಾಲತ್ತು ವಹಿಸಿದವರು ಕಡಿಮೆ.

ಇನಾಮಿನ ಪಟ್ಟಿಗೆ ಚೀತಾ ಕೂಡ ಸೇರಿದ್ದು ಇನ್ನೂ ವಿಷಾದದ ಸಂಗತಿ. ಕನ್ನಡದಲ್ಲಿ ಶಿವಂಗಿ ಎಂದು ಕರೆಯುತ್ತಿದ್ದ ಈ ಪ್ರಾಣಿ ಮುಖ್ಯವಾಗಿ ಕೃಷ್ಣಮೃಗದ ಬೇಟೆಗಾರ, ಮನುಷ್ಯನ ತಂಟೆಗೆ ಬರುವುದು ತೀರ ಅಪರೂಪ. 1880ರಲ್ಲಿ ವಿಶಾಖಪಟ್ಟಣದಲ್ಲಿ ಗವರ್ನರನ ಏಜೆಂಟನಾಗಿದ್ದ ಓ.ಬಿ. ಅರ್ವಿನ್ ಬೇಟೆಯ ವೇಳೆ ಚೀತಾದ ದಾಳಿಯಿಂದ ಸತ್ತದ್ದು ದಾಖಲಾಗಿದೆ. ಆ ಚೀತಾವಾದರೂ ಕಾಡಿನದಲ್ಲ, ವಿಜಯನಗರಂ ರಾಜರು ಸಾಕಿದ್ದು. 1952ರ ಹೊತ್ತಿಗೆ ಭಾರತದಲ್ಲಿ ಚೀತಾ ಇಲ್ಲ ಎಂದು ಘೋಷಿಸಲಾಯಿತು.

ಇದೇ ಹೊತ್ತಿಗೆ ಅಮೆರಿಕದಲ್ಲಿ ಇಂಥದೇ ಪ್ರಯೋಗ ಇನ್ನೂ ದೊಡ್ಡದಾಗಿ ನಡೆಯಿತು. ಅಲ್ಲಿ ಕುರಿ, ಕರು, ಈಚೆಗೆ ಮನೆಯ ಬೆಕ್ಕು ನಾಯಿಗಳನ್ನೂ ಹೊತ್ತೊಯ್ಯುವ ಕಯೋಟಿ ನಮ್ಮ ಗುಳ್ಳೆನರಿಯ ಅಣ್ಣನಂಥ ಪ್ರಾಣಿ. 1931ರ ಕಾಯ್ದೆಯಿಂದ ಅದನ್ನು ಕೊಲ್ಲುವುದು ಕೇಂದ್ರ ಸರ್ಕಾರದ ಕೆಲಸವಾಯಿತು. ವಿಷ, ಉರುಲು, ಬಂದೂಕು, ವಿಮಾನ ಎಲ್ಲ ಬಂದವು. ತೋಳ ಬಹುಪಾಲು ರಾಜ್ಯಗಳಿಂದ ಅಳಿಯಿತು. ಕಯೋಟಿ ಮಾತ್ರ ತೋಳ ಖಾಲಿ ಮಾಡಿದ ಜಾಗಕ್ಕೂ ಹಬ್ಬಿ ಪೂರ್ವ ಕರಾವಳಿ ಮುಟ್ಟಿತು. ಗುಂಪು ಒಡೆದರೆ ಹೊಸ ಜೋಡಿಗಳು, ಆಹಾರ ಹೆಚ್ಚಿದರೆ ಹೆಚ್ಚು ಮರಿಗಳು. ದಖ್ಖನ್ನಿನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಗುಳ್ಳೆನರಿ ಕಬ್ಬಿನ ಗದ್ದೆಯ ಅಂಚಿಗೆ, ಊರ ತಿಪ್ಪೆಗೆ ಹೊಂದಿಕೊಂಡಿತು. ತೋಳಕ್ಕೆ ಬೇಕಾದದ್ದು ತೆರೆದ ಹುಲ್ಲುಗಾವಲು, ಕುರುಚಲು ದಿಣ್ಣೆ, ಮರಿ ಹಾಕಲು ತಕರಾರಿಲ್ಲದ ಒಂದು ಗವಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಲೋಕವನ್ನು ತಲೆಕೆಳಗು ಮಾಡಿತು. ಕರ್ನಾಟಕ 1974ರಲ್ಲೇ ಮೇಲುಕೋಟೆಯ ಬೆಟ್ಟಗಳನ್ನು ಅಭಯಾರಣ್ಯ ಮಾಡಿತು. ಅದರ ಮುಖ್ಯ ಉದ್ದೇಶ ತೋಳ ಎಂಬುದು ಪುಳಿಯೋಗರೆಗಾಗಿ ಅಲ್ಲಿಗೆ ಹೋಗುವ ಬಹುತೇಕರಿಗೆ ತಿಳಿದಿಲ್ಲ. ಅರ್ಧ ಶತಮಾನದ ನಂತರ, 2024ರಲ್ಲಿ, ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದ ಸುಮಾರು 332 ಹೆಕ್ಟೇರ್ ಗುಡ್ಡವನ್ನು ತೋಳಧಾಮವೆಂದು ಗುರುತಿಸಲಾಯಿತು. ಇಡೀ ದೇಶದಲ್ಲಿ ಉಳಿದಿರುವ ತೋಳಗಳು ಮೂರು ಸಾವಿರದ ಆಸುಪಾಸು ಎಂಬುದು ಈಚಿನ ಅಂದಾಜು. ಹುಲಿಗಿಂತ ಹೆಚ್ಚೇನಲ್ಲ.

ಆದರೆ 332 ಹೆಕ್ಟೇರ್‌ನಲ್ಲಿ ತೋಳ ಮರಿ ಹಾಕಬಹುದು, ಹೊಟ್ಟೆ ತುಂಬಿಸಿಕೊಳ್ಳಲಾಗದು. ಒಂದು ರಾತ್ರಿಗೆ ಹತ್ತಾರು ಕಿಲೋಮೀಟರ್ ನಡೆಯುವ ಪ್ರಾಣಿ ಅದು. ಸುತ್ತಲಿನ ಹುಲ್ಲುಬಯಲನ್ನು ಸರ್ಕಾರಿ ಕಡತ ‘ಬಂಜರು’ ಎಂದು ಬರೆದುಕೊಂಡು ನೀಲಗಿರಿ ನೆಟ್ಟಿದೆ, ಗಾಳಿಯಂತ್ರ ನಿಲ್ಲಿಸಿದೆ, ಸೌರಫಲಕ ಹರಡಿದೆ. ಕೃಷ್ಣಮೃಗ ಕಡಿಮೆಯಾದಲ್ಲಿ ತೋಳದ ಊಟ ಎಂದರೆ ಕುರಿಯೇ. ಕುರುಬನಿಗೂ ಬೇಕಾದದ್ದು ಅದೇ ಬಯಲು. ಹುಲ್ಲು ಹೋದರೆ ಇಬ್ಬರೂ ಹೋಗುತ್ತಾರೆ.

ಸಾಕುಪ್ರಾಣಿ ಸತ್ತರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆ ಪದ್ಧತಿಗೆ ಕಳೇಬರ ಬೇಕು, ಸ್ಥಳ ಪರಿಶೀಲನೆ ಬೇಕು, ಪಶುವೈದ್ಯರ ಕಾಗದ ಬೇಕು. ಕೊಟ್ಟಿಗೆಯ ಹಸು ಚಿರತೆಗೆ ಬಲಿಯಾದರೆ ಇದೆಲ್ಲ ಆದೀತು. ತೋಳ ಮರಿಯನ್ನು ಕಚ್ಚಿಕೊಂಡು ಹೋಗಿಬಿಡುತ್ತದೆ. ತೋರಿಸಲು ಏನೂ ಉಳಿಯುವುದಿಲ್ಲ. ಕುರಿಯ ಯಜಮಾನನ ಊರು ಒಂದು ಜಿಲ್ಲೆಯಲ್ಲಿ, ಹಿಂಡು ಇನ್ನೊಂದರಲ್ಲಿ. ಅರ್ಜಿಗೆ ಓಡಾಡಿದರೆ ಇತ್ತ ಹಿಂಡು ಯಾರು ನೋಡಬೇಕು? ಒಂದು ಕಾಲದಲ್ಲಿ ತೋಳದ ತಲೆ ತಂದು ತೋರಿಸಿದರೆ ಹಣ, ಈಗ ಕುರಿಯ ತಲೆ ತೋರಿಸಿದರೆ ಹಣ.

ಒಂದೋ ಎರಡೋ ಮರಿ ತೋಳದ ಪಾಲು ಎಂದು ಬಿಟ್ಟುಕೊಡುವ ಕುರಿಗಾಹಿಗಳು ದಖ್ಖನ್ನಿನಲ್ಲಿ ಈಗಲೂ ಇದ್ದಾರೆ. ಇದನ್ನು ಪಟ್ಟಣದವರು ಭಾವುಕರಾಗಿ ಹೊಗಳುತ್ತಾರೆ. ಪಾಲು ಕೊಡುವವನ ಹಿಂಡಿನಲ್ಲಿ ಎಷ್ಟು ಕುರಿ ಇವೆ ಎಂದು ಕೇಳಿಕೊಂಡು ಹೊಗಳುವುದು ಒಳ್ಳೆಯದು. ಇನ್ನೂರು ಕುರಿಯವನಿಗೆ ಅದು ಉದಾರತೆ, ಇಪ್ಪತ್ತರವನಿಗೆ ವರ್ಷದ ಗಳಿಕೆ. ಅವನೇ ಕೆಲವೊಮ್ಮೆ ಸತ್ತ ಕುರಿಗೆ ವಿಷ ಹಚ್ಚಿಡುವುದು. ಅದನ್ನು ತಿಂದು ತೋಳವೂ ಸಾಯುತ್ತದೆ, ಅವನ ನಾಯಿಯೂ ಸಾಯುತ್ತದೆ.

ಸುಗ್ಗಿ ಮುಗಿದ ಮೇಲೆ ಹಿಂಡುಗಳು ಹೊಲಗಳಿಗೆ ಇಳಿಯುತ್ತವೆ. ಗೊಬ್ಬರಕ್ಕೆಂದು ರೈತ ಕಾಳನ್ನೋ ದುಡ್ಡನ್ನೋ ಕೊಟ್ಟು ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾನೆ. ಸುತ್ತ ಬಲೆ ಕಟ್ಟುತ್ತಾರೆ, ಎಳೆಯ ಮರಿಗಳನ್ನು ಬುಟ್ಟಿಯಡಿ ಮುಚ್ಚುತ್ತಾರೆ, ಒಬ್ಬ ಕಂಬಳಿ ಹೊದ್ದು ಎದ್ದಿರುತ್ತಾನೆ. ಕೈಯಲ್ಲಿ ಈಗ ಬೆಂಕಿಯ ಬದಲು ಟಾರ್ಚು ಇದೆ. ನಾಯಿ ಒಂದು ದಿಕ್ಕಿಗೆ ಮುಖ ಮಾಡಿ ಗುರುಗುಟ್ಟಿದರೆ ಅವನು ಅತ್ತ ಬೆಳಕು ಬಿಟ್ಟು, ಕುರಿ ಎಣಿಸಲು ಏಳುತ್ತಾನೆ.