ತಕ್ಕೋಲಂ ಕಾಳಗ: ಅಂಬಾರಿಯೇ ರಣರಂಗವಾದ ಬಗೆ

ದಕ್ಷಿಣಾಪಥದ ಇತಿಹಾಸದಲ್ಲಿ ಒಬ್ಬ ವೀರನ ಪತನದೊಡನೆ ಒಂದು ರಾಜ್ಯದ ಗತಿಯೇ ತಿರುಗಿದ ಪ್ರಸಂಗಗಳುಂಟು. ಕ್ರಿ.ಶ. 949ರಲ್ಲಿ, ಇಂದಿನ ತಮಿಳುನಾಡಿನ ಅರಕ್ಕೋಣಂ ಸಮೀಪದ ತಕ್ಕೋಲಂನಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ಯುವರಾಜ ರಾಜಾದಿತ್ಯನಿಗೂ ನಡೆದ ಕಾಳಗವು ಅಂತಹುದು.

ಚೋಳ ಒಂದನೆಯ ಪರಾಂತಕನು ಬಾಣರನ್ನೂ ವೈದುಂಬರನ್ನೂ ಪದಚ್ಯುತಗೊಳಿಸಿದ್ದನು. ಅವರು ಕೃಷ್ಣನ ಆಶ್ರಯವನ್ನು ಬೇಡಿದರು. ಉತ್ತರದ ಗಡಿಯನ್ನು ಕಾಯಲು ಪರಾಂತಕನು ತನ್ನ ಮಗ ರಾಜಾದಿತ್ಯನನ್ನು ಸೇನಾಸಮೇತ ತಿರುಮುನೈಪ್ಪಾಡಿ ನಾಡಿನಲ್ಲಿ ನೆಲೆಗೊಳಿಸಿದನು. ಆತನ ಬೀಡಾಗಿದ್ದ ತಿರುನಾವಲೂರು, ಕನ್ನಡ ಶರಣಪರಂಪರೆಯು ನಂಬಿಯಣ್ಣನೆಂದು ಕೊಂಡಾಡುವ ಸುಂದರಮೂರ್ತಿಯ ಜನ್ಮಸ್ಥಳವೆಂಬುದು ಸ್ಮರಣೀಯ.

ಆ ಕಾಲದ ಯುದ್ಧದಲ್ಲಿ ಆನೆಯೇರಿದ ಅರಸನು ಸೇನೆಗೆಲ್ಲ ಕಾಣುವ ಜೀವಂತ ಧ್ವಜ. ಅವನು ಕಾಣುವವರೆಗೆ ಪಡೆ ನಿಲ್ಲುತ್ತದೆ. ಅವನುರುಳಿದರೆ ಪಡೆಯ ಧೈರ್ಯವೂ ಉರುಳುತ್ತದೆ. ಎತ್ತರವೇ ಬಲ, ಎತ್ತರವೇ ಅಪಾಯ. ಕೃಷ್ಣನ ಭಾವಮೈದುನನಾದ ಗಂಗ ಬೂತುಗನು ಈ ಮರ್ಮಕ್ಕೇ ಗುರಿಯಿಟ್ಟನು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಂತೆ, ಅವನು ರಾಜಾದಿತ್ಯನನ್ನು ಆನೆಯ ಮೇಲೆಯೇ ಇರಿದು ಕೊಂದನು.

ಶಾಸನದ ಒಂದು ಪದವು ಇಲ್ಲಿ ವಿಚಾರಾರ್ಹವಾಗಿದೆ. ಮೊದಲಲ್ಲಿ ಅದನ್ನು ‘ಕಳ್ಳ’ನೆಂಬ ಅರ್ಥದಲ್ಲಿ ಗ್ರಹಿಸಿದುದರಿಂದ ಬೂತುಗನಿಗೆ ವಂಚನೆಯ ಕಳಂಕ ತಟ್ಟಿತು. ಅದು ‘ಕಳ’, ಅರ್ಥಾತ್ ರಣರಂಗವೆಂದೂ, ‘ಬಿಸುಗೆ’ಯೆಂದರೆ ಅಂಬಾರಿಯೆಂದೂ ತಿಳಿದಾಗ ಅಂಬಾರಿಯೇ ರಣರಂಗವಾಯಿತೆಂಬ ಅರ್ಥ ಹೊರಟಿತು. ಒಂದು ಒತ್ತಕ್ಷರದ ಅಂತರದಲ್ಲಿ ವೀರನೊಬ್ಬನ ಕೀರ್ತಿ ಅಪಕೀರ್ತಿಗಳು ನಿಂತಿದ್ದವು! ಚೋಳರ ಲೈಡನ್ ತಾಮ್ರಶಾಸನವು ರಾಜಾದಿತ್ಯನು ಬಾಣ ತಾಗಿ ಮಡಿದನೆನ್ನುತ್ತದೆ. ಆಯುಧದಲ್ಲಿ ಭೇದವಿದ್ದರೂ ಆನೆಯ ಮೇಲಣ ಮರಣದಲ್ಲಿ ಉಭಯಪಕ್ಷಗಳಿಗೂ ಏಕಮತ. ಗೆದ್ದವರೂ ಸೋತವರೂ ಒಪ್ಪಿದ ಸಂಗತಿಯೇ ಇತಿಹಾಸಕಾರನಿಗೆ ದೃಢವಾದ ನೆಲೆ. ತಮಿಳು ಶಾಸನಗಳು ಅವನನ್ನು ‘ಆನೆಯ ಮೇಲೆ ಮಡಿದ ದೇವ’ನೆಂದೇ ಕರೆದಿವೆ.

ಫಲವು ದೂರಗಾಮಿಯಾಯಿತು. ತೊಂಡೈಮಂಡಲವು ಕೃಷ್ಣನ ವಶವಾಯಿತು. ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳು ದೊರೆತವು. ಚೋಳರು ಪೂರ್ವವೈಭವವನ್ನು ಪಡೆಯಲು 985ರಲ್ಲಿ ಪಟ್ಟವೇರಿದ ರಾಜರಾಜನವರೆಗೆ ಕಾಯಬೇಕಾಯಿತು.

ಆದರೆ ಈ ಯುದ್ಧದ ಅತ್ಯಂತ ಮನಮುಟ್ಟುವ ಸಾಕ್ಷ್ಯವು ತಿರುವೊಟ್ರಿಯೂರಿನಲ್ಲಿದೆ. ರಾಜಾದಿತ್ಯನ ಆಪ್ತನಾಗಿದ್ದ ಕೇರಳದ ಸಾಮಂತನೊಬ್ಬನು ಒಡೆಯನೊಡನೆ ಮಡಿಯಲಾಗದುದಕ್ಕೆ ನಾಚಿ, ಗಂಗಾಸ್ನಾನ ಮಾಡಿ, ವಿರಕ್ತನಾಗಿ, ಚತುರಾನನ ಪಂಡಿತನೆಂಬ ಹೆಸರಿನಿಂದ ಅಲ್ಲಿಯ ಶೈವಮಠದ ಅಧಿಪತಿಯಾದನು. ಈ ವೃತ್ತಾಂತವನ್ನು ಹೇಳುವ ಶಾಸನವು ಗೆದ್ದ ಕೃಷ್ಣನ ಆಳ್ವಿಕೆಯ ಕಾಲದ್ದೇ ಆಗಿದೆ. ಶತ್ರುವಿನ ಆಳ್ವಿಕೆಯಲ್ಲಿಯೂ ಆತನ ಸ್ವಾಮಿನಿಷ್ಠೆಯನ್ನು ಬರೆಯಿಸಲು ಯಾರೂ ಅಡ್ಡಬರಲಿಲ್ಲ. ರಣದಲ್ಲಿ ಪ್ರಾಣವನ್ನು ಒಪ್ಪಿಸಲಾಗದ ಆ ವೀರನು ಅದನ್ನು ಶಿವನಿಗೆ ಒಪ್ಪಿಸಿದನು.